ತೀರ್ಪು ನಿಮ್ಮ ಕಡೆ, ಹಕ್ಕು ಯಾರದು?

ಭೂಮಿಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡ ಮನುಷ್ಯನಿಗೆ ಉಪದೇಶ ಹೇಳುವುದು ಸುಲಭವಲ್ಲ. ಅವನಿಗೆ ಆಗಲೇ ಬೇಕಾದಷ್ಟು ಉಪದೇಶ ಸಿಕ್ಕಿರುತ್ತದೆ. ವಕೀಲರು ಹೇಳಿರುತ್ತಾರೆ, ಅವರ ಗುಮಾಸ್ತರು ಹೇಳಿರುತ್ತಾರೆ, ಊರಿನ ಹಿರಿಯರು ಹೇಳಿರುತ್ತಾರೆ. ಮೂರು ಮೊಕದ್ದಮೆ ಸೋತು ಚಹಾದಂಗಡಿಯಲ್ಲಿ ಕುಳಿತವರೂ ಹೇಳಿರುತ್ತಾರೆ. ಅವರೆಲ್ಲರೂ ಉತ್ತರಿಸುವ ಪ್ರಶ್ನೆ ಒಂದೇ: ಗೆಲ್ಲುವುದು ಹೇಗೆ? ಗೆದ್ದದ್ದು ನಿಜವಾಗಿ ನಿನ್ನದೇ ಏನು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಅದನ್ನು ಅವನೇ ಕೇಳಿಕೊಳ್ಳಬೇಕು. ಪ್ರಿಯ ಓದುಗರೇ, ಈ ಬರಹ ಆ ಒಂದು ಪ್ರಶ್ನೆಯ ಕುರಿತಾಗಿದೆ.

ಅಲ್ಲಾಹನು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿರುವ ಸ್ಥಳವನ್ನು ಗಮನಿಸಿ. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿ ಉಪವಾಸದ ವಿಧಿಗಳು 183ರಿಂದ 187ರ ವರೆಗಿನ ಸೂಕ್ತಗಳಲ್ಲಿ ಬರುತ್ತವೆ. ಅವುಗಳ ಬೆನ್ನಿಗೇ, 188ನೆಯ ಸೂಕ್ತದಲ್ಲಿ, ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ನಿಷೇಧಿಸಲಾಗಿದೆ. ಅಷ್ಟಕ್ಕೇ ನಿಲ್ಲದೆ, ಪರರ ಸೊತ್ತಿನಲ್ಲೊಂದು ಪಾಲನ್ನು ಗೊತ್ತಿದ್ದೂ ನುಂಗುವ ಸಲುವಾಗಿ ವಿಷಯವನ್ನು ಅಧಿಕಾರಸ್ಥರ ಮುಂದೆ ಒಯ್ಯುವುದನ್ನೂ ಅಲ್ಲಿಯೇ ತಡೆಯಲಾಗಿದೆ. ಸಾಕ್ಷ್ಯವಿಲ್ಲವೆಂಬ ಧೈರ್ಯದಿಂದ ಇನ್ನೊಬ್ಬನ ಹಕ್ಕನ್ನು ನಿರಾಕರಿಸಿ, ತಾನು ತಪ್ಪಿನಲ್ಲಿದ್ದೇನೆಂದು ಗೊತ್ತಿದ್ದೂ ವ್ಯಾಜ್ಯ ಹೂಡುವವನ ಬಗ್ಗೆ ಈ ಮಾತು ಎಂದು ಹ. ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ರಮಝಾನಿನ ಹಗಲಿನಲ್ಲಿ ತನ್ನದೇ ದುಡಿಮೆಯ ಹಲಾಲಾದ ಅನ್ನವನ್ನು ಮುಟ್ಟದವನು, ಅದೇ ಹಗಲಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ತಂಗಿಯ ಪಾಲನ್ನು ತನ್ನದೆಂದು ಸಾಧಿಸುತ್ತಾನೆ. ಆ ಉಪವಾಸ ಅವನಿಗೆ ಏನನ್ನು ಕಲಿಸಿತು?

ಮಾತು ಗಾಳಿಯಲ್ಲಿ ಉಳಿಯಬಾರದು. ಆದ್ದರಿಂದ ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಇತ್ತೀಚೆಗೆ ಗೋಕಾಕದಿಂದ ಬೇರೆಯಾಗಿ ಸ್ವಂತ ತಾಲೂಕಾದ ಮೂಡಲಗಿ, ಈ ಮೂರು ಕಡೆಯ ಭೂಮಿಯನ್ನೇ ತೆಗೆದುಕೊಳ್ಳೋಣ. ಇಲ್ಲಿಯ ಹೊಲಗಳ ಬೆಲೆಯನ್ನು ಬದಲಿಸಿದ್ದು ಘಟಪ್ರಭೆಯ ನೀರು. ಧೂಪದಾಳದ ಒಡ್ಡು ಬ್ರಿಟಿಷರ ಕಾಲದ್ದು, ಹಿಡಕಲ್ ಜಲಾಶಯ ಸ್ವಾತಂತ್ರ್ಯಾನಂತರದ್ದು. ಅಜ್ಜ ಮಳೆಯನ್ನು ನಂಬಿ ಜೋಳ ಬೆಳೆಯುತ್ತಿದ್ದ ಎರಿ ಹೊಲದಲ್ಲಿ ಮೊಮ್ಮಗ ಕಬ್ಬು ಬೆಳೆಯುತ್ತಾನೆ, ಸಂಕೇಶ್ವರದ ಹಿರಣ್ಯಕೇಶಿಯಂತಹ ಕಾರ್ಖಾನೆಗಳಿಗೆ ಸಾಗಿಸುತ್ತಾನೆ, ಬಿಲ್ಲು ಬರುವುದನ್ನು ಕಾಯುತ್ತಾನೆ. ಜೋಳದ ಹೊಲಕ್ಕಾಗಿ ಎಂದೂ ಜಗಳವಾಡದ ಮನೆತನಗಳು ಕಬ್ಬಿನ ಹೊಲಕ್ಕಾಗಿ ಕೋರ್ಟಿಗೆ ಹೋದವು. ನೀರು ಅಲ್ಲಾಹನ ಅನುಗ್ರಹ. ಅನುಗ್ರಹವೇ ಪರೀಕ್ಷೆಯೂ ಆಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

1956ರ ನವೆಂಬರ್ 1ರ ತನಕ ಈ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದ ಮಾತುಗಳು ಇಂದಿಗೂ ಅಲ್ಲಿಯ ಬಾಯಲ್ಲಿವೆ. ಇತರ ಜಿಲ್ಲೆಯವರು ಪಹಣಿ, ಆರ್.ಟಿ.ಸಿ. ಎನ್ನುವುದನ್ನು ಅವರು ಉತಾರ ಎನ್ನುತ್ತಾರೆ, ಪಾಲು ವಿಭಾಗವನ್ನು ವಾಟ್ನಿ ಎನ್ನುತ್ತಾರೆ. ತಂದೆ ತೀರಿಕೊಂಡ ಮೇಲೆ ವಾರಸಾ ವರದಿ ಹಾಕಬೇಕು. ಎಷ್ಟೋ ಮನೆಗಳಲ್ಲಿ ಏನಾಗುತ್ತದೆ? ಹಿರಿಯ ಮಗನ ಹೆಸರೊಂದನ್ನೇ ಏರಿಸಲಾಗುತ್ತದೆ. ಕೆಲಸ ಸಲೀಸಾಗಲಿ, ಸೊಸಾಯಿಟಿಯ ಸಾಲ ಬೇಗ ಸಿಗಲಿ ಎಂಬ ಕಾರಣ ಕೊಡಲಾಗುತ್ತದೆ. ತಾಯಿ ಇದ್ದಾಳೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದಾರೆ, ಅವರ ಹೆಸರು ಇಲ್ಲ. ಹತ್ತಿಪ್ಪತ್ತು ವರ್ಷ ಯಾರೂ ಉತಾರ ತೆಗೆದು ನೋಡುವುದಿಲ್ಲ. ಬೆಳೆ ಸಾಲವೂ ಪರಿಹಾರವೂ ಕಾಗದದಲ್ಲಿ ಹೆಸರಿದ್ದವನನ್ನೇ ಹುಡುಕಿಕೊಂಡು ಬರುತ್ತವೆ. ಕೊನೆಗೆ ಆ ಕಾಗದವೇ ಹಕ್ಕು ಎಂದು ಅವನೂ ನಂಬತೊಡಗುತ್ತಾನೆ.

ಕಾಗದ ಹಕ್ಕಲ್ಲ. ಇದನ್ನು ನಾವು ಮಾತ್ರ ಹೇಳುವುದಲ್ಲ, ನೆಲದ ಕಾನೂನೂ ಹೇಳುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ ಉತಾರದ ನಮೂದನ್ನು ಸುಳ್ಳೆಂದು ಸಿದ್ಧಪಡಿಸುವ ತನಕ ನಿಜವೆಂದು ಭಾವಿಸಲಾಗುತ್ತದೆ, ಅಷ್ಟೆ. ಕಂದಾಯ ದಾಖಲೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿಯೂ ಅನಂತರ ಹಲವು ಸಲವೂ ಹೇಳಿದೆ. ಇಸ್ಲಾಮಿನ ದಾಯಭಾಗ ವಿಧಿಯಲ್ಲಂತೂ ತಂದೆಯ ಉಸಿರು ನಿಂತ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರನ ಪಾಲು ನಿಗದಿಯಾಗಿಬಿಡುತ್ತದೆ. ಅದು ಯಾರ ಔದಾರ್ಯಕ್ಕೂ ಕಾಯುವುದಿಲ್ಲ, ತಲಾಠಿಯ ಸಹಿಗೂ ಕಾಯುವುದಿಲ್ಲ.

ಒಂದು ಲೆಕ್ಕ ಮಾಡೋಣ. ಎಂಟು ಎಕರೆ ನೀರಾವರಿ ಹೊಲ. ತೀರಿಕೊಂಡವರಿಗೆ ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಸಾಲವನ್ನೂ ವಸೀಯತ್ತನ್ನೂ ತೀರಿಸಿದ ಮೇಲೆ ಪತ್ನಿಗೆ ಎಂಟನೆಯ ಒಂದಂಶ, ಅಂದರೆ ಒಂದು ಎಕರೆ. ಉಳಿದ ಏಳರಲ್ಲಿ ಮಗನಿಗೆ ಮೂರು ಎಕರೆ ಇಪ್ಪತ್ತು ಗುಂಟೆ, ಹೆಣ್ಣುಮಕ್ಕಳಿಗೆ ತಲಾ ಒಂದು ಎಕರೆ ಮೂವತ್ತು ಗುಂಟೆ. ಮಗನ ಹೆಸರಲ್ಲಿ ಉತಾರವಿದೆ ಎಂದಿಟ್ಟುಕೊಳ್ಳಿ. ಒಂದು ದಿನ ತಂಗಿ ಗಂಡನೊಂದಿಗೆ ಬಂದು ಬದುವಿನ ಮೇಲೆ ನಿಂತು ತನ್ನ ಪಾಲು ಕೇಳುತ್ತಾಳೆ. ಅಣ್ಣ ಸಿವಿಲ್ ಕೋರ್ಟಿಗೆ ಹೋಗುತ್ತಾನೆ. ಪಾಲಿನ ವಿಷಯವನ್ನೇ ಎತ್ತದೆ, ಎಂಟೂ ಎಕರೆ ತನ್ನ ಕಬ್ಜದಲ್ಲಿದೆ, ಇವಳು ಅಡ್ಡಿಪಡಿಸುತ್ತಿದ್ದಾಳೆ, ತಡೆಯಾಜ್ಞೆ ಕೊಡಿ ಎಂದು ದಾವೆ ಹಾಕುತ್ತಾನೆ. ಈಗ ಅವನು ವಾದಿ, ಒಡಹುಟ್ಟಿದವಳು ಪ್ರತಿವಾದಿ.

ಅವಳಿಗೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ಆದ ತಿದ್ದುಪಡಿಯ ಮೂಲಕ 8ನೆಯ ಆದೇಶಕ್ಕೆ 6ಎ ಎಂಬ ನಿಯಮ ಸೇರಿತು. ಅದರ ಪ್ರಕಾರ ಪ್ರತಿವಾದಿಯು ದಾವೆಯನ್ನು ಅಲ್ಲಗಳೆಯುವುದರ ಜೊತೆಗೆ ತನ್ನ ಹಕ್ಕನ್ನೂ ಅದೇ ಕಡತದಲ್ಲಿ ಕೇಳಬಹುದು. ಇದನ್ನೇ ವಕೀಲರು ಕೌಂಟರ್ ಕ್ಲೇಮ್ ಎನ್ನುತ್ತಾರೆ, ನಾವು ಪ್ರತಿದಾವೆ ಎನ್ನೋಣ. ದಾವೆಗೆ ಹೇಗೋ ಹಾಗೆಯೇ ಅದಕ್ಕೂ ಕೋರ್ಟು ಶುಲ್ಕ ಕಟ್ಟಬೇಕು. ಅಣ್ಣ ತನ್ನ ದಾವೆಯನ್ನು ಕೈಬಿಟ್ಟರೂ ಪ್ರತಿದಾವೆ ಸ್ವತಂತ್ರವಾಗಿ ನಡೆಯುತ್ತದೆ. ಎರಡು ಕಡತ, ಎರಡು ವಿಚಾರಣೆ, ಎರಡು ಸಲ ಸಾಕ್ಷಿಗಳ ಅಲೆದಾಟ ತಪ್ಪಲಿ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ.

ಆದರೆ ಆ ಬಾಗಿಲಿಗೆ ಚೌಕಟ್ಟೂ ಇದೆ. ಕೇಳುವ ಹಕ್ಕಿನ ಕಾರಣ ಕೈಫಿಯತ್ತು ಸಲ್ಲಿಸುವ ಮೊದಲೇ ಹುಟ್ಟಿರಬೇಕು. ಅದು ವಾದಿಯ ವಿರುದ್ಧವೇ ಇರಬೇಕು. ತಡಮಾಡಬಾರದು. 2019ರ ನವೆಂಬರಿನಲ್ಲಿ ಅಶೋಕ್ ಕುಮಾರ್ ಕಾಲ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಈ ತಡದ ಪ್ರಶ್ನೆಯನ್ನೇ ವಿಚಾರಿಸಿತು. ಕೈಫಿಯತ್ತಿನ ನಂತರವೂ ನ್ಯಾಯಾಲಯದ ವಿವೇಚನೆಯಂತೆ ಪ್ರತಿದಾವೆಗೆ ಅವಕಾಶ ಕೊಡಬಹುದು, ಆದರೆ ವಿವಾದಾಂಶಗಳನ್ನು ರಚಿಸಿದ ಮೇಲೆ ಕೊಡಬಾರದು ಎಂಬುದು ಪೀಠದ ಬಹುಮತದ ನಿಲುವು. ಪೀಠದಲ್ಲಿದ್ದ, ನಮ್ಮ ಹಾವೇರಿ ಜಿಲ್ಲೆಯವರಾದ ದಿವಂಗತ ನ್ಯಾಯಮೂರ್ತಿ ಮೋಹನ ಶಾಂತನಗೌಡರರು ಪ್ರತ್ಯೇಕವಾಗಿ ಬರೆದು, ವಿಶೇಷ ಸಂದರ್ಭದಲ್ಲಿ ವಾದಿಯ ಸಾಕ್ಷ್ಯ ಆರಂಭವಾಗುವ ತನಕ ಅವಕಾಶ ಇರಬಹುದೆಂದರು. ಕಲಿತವರೇ ಇಷ್ಟು ಚರ್ಚಿಸಬೇಕಾದ ಈ ಸೂಕ್ಷ್ಮ, ಉತಾರವನ್ನೇ ಓದಲು ಬಾರದ ಹೆಣ್ಣುಮಗಳಿಗೆ ತಿಳಿದಿರುತ್ತದೆಯೇ?

ಅಣ್ಣನ ವಕೀಲರಿಗೆ ತಿಳಿದಿರುತ್ತದೆ. ಪ್ರತಿದಾವೆ ತಡವಾಗಿದೆ, ಶುಲ್ಕ ಕಡಿಮೆಯಾಗಿದೆ, ತಡೆಯಾಜ್ಞೆಯ ದಾವೆಯಲ್ಲಿ ಪಾಲಿನ ಮಾತು ಬರಬಾರದು, ಆದ್ದರಿಂದ ಅದನ್ನು ಕಡತದಿಂದ ತೆಗೆದುಹಾಕಿ ಎಂದು ಅರ್ಜಿ ಬೀಳುತ್ತದೆ. ಹಾಗೆ ಕೇಳಲು ಸಂಹಿತೆಯಲ್ಲಿ ಅವಕಾಶವೂ ಇದೆ. 6ನೆಯ ಆದೇಶದ 16ನೆಯ ನಿಯಮವು ಅನಗತ್ಯವಾದ, ಕಿರುಕುಳದ, ವಿಚಾರಣೆಯನ್ನು ಎಳೆಯುವ ಹೇಳಿಕೆಗಳನ್ನು ತೆಗೆಸುತ್ತದೆ. 8ನೆಯ ಆದೇಶದ 6ಸಿ ನಿಯಮವು ಪ್ರತಿದಾವೆಯನ್ನು ಹೊರಗಿಟ್ಟು, ಬೇಕಾದರೆ ಬೇರೆ ದಾವೆ ಹಾಕಿಕೊಳ್ಳಲಿ ಎನ್ನುತ್ತದೆ. ಅರ್ಜಿ ಮಂಜೂರಾಯಿತೆನ್ನೋಣ. ತಂಗಿ ಧಾರವಾಡದ ಹೈಕೋರ್ಟು ಪೀಠಕ್ಕೆ ರಿಟ್ ಹಾಕಬೇಕು. 2008ರಲ್ಲಿ ಆ ಪೀಠ ಬರುವ ಮೊದಲಾಗಿದ್ದರೆ ಬೆಂಗಳೂರಿಗೇ ಹೋಗಬೇಕಾಗಿತ್ತು, ಸುಮಾರು 500 ಕಿಲೋಮೀಟರು. ಅಥವಾ ಹೊಸ ದಾವೆ ಹೂಡಿ ಮೊದಲಿನಿಂದ ಆರಂಭಿಸಬೇಕು. ಅಷ್ಟರಲ್ಲಿ ಎಷ್ಟು ಹಂಗಾಮಿನ ಕಬ್ಬು ಕಾರ್ಖಾನೆಗೆ ಹೋಗಿರುತ್ತದೆ!

ಆ ದಿನ ಅಣ್ಣ ಊರಿಗೆ ಬಂದು ಏನು ಹೇಳುತ್ತಾನೆ? ಕೋರ್ಟು ಅವಳ ಹಕ್ಕನ್ನು ಕಿತ್ತುಹಾಕಿತು ಎನ್ನುತ್ತಾನೆ. ಇದು ಸುಳ್ಳು. ನ್ಯಾಯಾಧೀಶರು ಹಾಗೆ ಹೇಳಿಯೇ ಇಲ್ಲ. ಈ ಮಾತು ಈ ಕಡತದಲ್ಲಿ ಬೇಡ ಎಂದಿದ್ದಾರೆ. ಒಂದು ಎಕರೆ ಮೂವತ್ತು ಗುಂಟೆ ಯಾರದೆಂಬ ವಿಚಾರಣೆ ಅಲ್ಲಿ ನಡೆಯಲೇ ಇಲ್ಲ. ಗೆದ್ದವನು ಪ್ರಶ್ನೆಗೆ ಉತ್ತರ ಕೊಟ್ಟು ಗೆದ್ದಿಲ್ಲ, ಪ್ರಶ್ನೆಯನ್ನು ಹೊರಗೆ ಕಳಿಸಿ ಗೆದ್ದಿದ್ದಾನೆ. ನ್ಯಾಯಾಲಯವನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಅವಧಿ ಇಲ್ಲದ, ಕ್ರಮ ಇಲ್ಲದ ನ್ಯಾಯದಾನ ಯಾರಿಗೂ ಮುಗಿಯುವುದಿಲ್ಲ. ಆ ಕ್ರಮವನ್ನು ನಾವು ಯಾವ ಉದ್ದೇಶಕ್ಕೆ ಬಳಸಿದೆವು ಎಂಬ ಲೆಕ್ಕ ಮಾತ್ರ ನ್ಯಾಯಾಧೀಶರದ್ದಲ್ಲ, ನಮ್ಮದು.

ಈಗ ಪ್ರವಾದಿವರ್ಯರ(ಸ) ಸನ್ನಿಧಿಗೆ ಬನ್ನಿ. ವಿಶ್ವಾಸಿಗಳ ಮಾತೆ ಹ. ಉಮ್ಮು ಸಲಮಃ(ರ) ವರದಿ ಮಾಡಿದ ಒಂದು ಘಟನೆ ಅಬೂ ದಾವೂದರ ಸಂಗ್ರಹದಲ್ಲಿದೆ. ಅದರ ಮುಖ್ಯ ಭಾಗ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿಯೂ ಇದೆ. ಇಬ್ಬರು ವ್ಯಕ್ತಿಗಳು ವಾರಸುದಾರಿಕೆಯ ವ್ಯಾಜ್ಯವನ್ನು ಹೊತ್ತು ಬಂದರು. ವಿಷಯ ಹಳೆಯದು, ಗುರುತುಗಳೆಲ್ಲ ಅಳಿಸಿಹೋಗಿವೆ. ಇಬ್ಬರ ಬಳಿಯೂ ಬಾಯಿಮಾತಿನ ಹೊರತು ಯಾವ ಪುರಾವೆಯೂ ಇಲ್ಲ. ನಮ್ಮ ಎಷ್ಟೋ ವ್ಯಾಜ್ಯಗಳು ಇಂಥವೇ ಅಲ್ಲವೇ? ತಾನೂ ಒಬ್ಬ ಮನುಷ್ಯನೇ ಎಂದು ಪ್ರವಾದಿ(ಸ) ಅವರಿಗೆ ತಿಳಿಸಿದರು. ಇಬ್ಬರಲ್ಲಿ ಒಬ್ಬ ವಾದ ಮಂಡಿಸುವುದರಲ್ಲಿ ಹೆಚ್ಚು ಚತುರನಾಗಿರಬಹುದು, ಕೇಳಿದ್ದನ್ನು ಆಧರಿಸಿ ತಾನು ಅವನ ಪರವಾಗಿ ತೀರ್ಪು ಕೊಡಬಹುದು. ಆದರೆ ಆ ತೀರ್ಪಿನಿಂದ ಸಹೋದರನ ಹಕ್ಕು ಅವನಿಗೆ ದೊರೆತರೆ ಅವನು ಅದನ್ನು ತೆಗೆದುಕೊಳ್ಳದಿರಲಿ, ಏಕೆಂದರೆ ಅವನ ಕೈಗೆ ಬಂದಿರುವುದು ಬೆಂಕಿಯ ತುಂಡು ಎಂದು ಅವರು ಎಚ್ಚರಿಸಿದರು.

ಸಹೋದರರೇ, ಸ್ವಲ್ಪ ನಿಂತು ಯೋಚಿಸಿ. ಲೋಕದಲ್ಲಿ ಅದಕ್ಕಿಂತ ಮೇಲಿನ ನ್ಯಾಯಾಲಯ ಇರಲಿಲ್ಲ. ಅದರ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ದಿವ್ಯವಾಣಿ ಬರುತ್ತಿದ್ದ ಆ ನ್ಯಾಯಪೀಠದ ತೀರ್ಪೇ ಪರರ ಹಕ್ಕನ್ನು ನಮಗೆ ಹಲಾಲ್ ಮಾಡಿಕೊಡುವುದಿಲ್ಲ ಎಂದಾದರೆ, ಗೋಕಾಕದ ಸಿವಿಲ್ ಕೋರ್ಟಿನ ಡಿಕ್ರಿ ಮಾಡಿಕೊಡುತ್ತದೆಯೇ? ಧಾರವಾಡ ಪೀಠದ ಆದೇಶ ಮಾಡಿಕೊಡುತ್ತದೆಯೇ? ದಿಲ್ಲಿಯ ತೀರ್ಪು?

ಆ ಘಟನೆ ಅಲ್ಲಿಗೆ ಮುಗಿಯಲಿಲ್ಲ. ಮಾತು ಕೇಳಿ ಇಬ್ಬರೂ ಅತ್ತರು. ನನ್ನ ಹಕ್ಕು ಇವನಿಗೇ ಇರಲಿ ಎಂದು ಒಬ್ಬನೂ, ನನ್ನದು ಇವನಿಗಿರಲಿ ಎಂದು ಇನ್ನೊಬ್ಬನೂ ಹೇಳತೊಡಗಿದರು. ಆ ಭಾವಾವೇಶವನ್ನು ಪ್ರವಾದಿ(ಸ) ಹಾಗೆಯೇ ಬಿಟ್ಟುಬಿಡಲಿಲ್ಲ ಎಂಬುದು ನನಗೆ ಈ ಹದೀಸಿನಲ್ಲಿ ಅತ್ಯಂತ ಅಮೂಲ್ಯವಾಗಿ ಕಾಣುತ್ತದೆ. ಇಷ್ಟು ಮನಸ್ಸು ಬಂದ ಮೇಲೆ ಹೋಗಿ ಹಂಚಿಕೊಳ್ಳಿ, ನ್ಯಾಯವಾದುದನ್ನು ಹುಡುಕಿ, ಚೀಟಿ ಎತ್ತಿ, ಬಳಿಕ ಒಬ್ಬರನ್ನೊಬ್ಬರು ಬಾಧ್ಯತೆಯಿಂದ ಬಿಡುಗಡೆಗೊಳಿಸಿ ಎಂದು ಕಳಿಸಿದರು. ಕಣ್ಣೀರು ಬಂತು, ತಬ್ಬಿಕೊಂಡೆವು, ಮುಗಿಯಿತು ಎನ್ನುವಂತಿಲ್ಲ. ಅಳತೆ ಆಗಬೇಕು, ಪಾಲು ಬೀಳಬೇಕು. ನಮ್ಮಲ್ಲಿ ಈದ್ ದಿನ ಆಲಿಂಗನವಾಗುತ್ತದೆ, ಆದರೆ ಸರ್ವೇಯರನ್ನು ಕರೆಸುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಪ್ರತಿದಾವೆ ಹಾಕಿದವರೆಲ್ಲರೂ ವಂಚಿತರಲ್ಲ. ಬೇರೆಯವರು ನ್ಯಾಯವಾಗಿ ಖರೀದಿಸಿದ ಹೊಲದ ಮೇಲೆ, ಅವರನ್ನು ದಣಿಸುವುದಕ್ಕಾಗಿಯೇ ಇಲ್ಲದ ಹಕ್ಕನ್ನು ಕಟ್ಟಿ ನಿಲ್ಲಿಸುವವರಿದ್ದಾರೆ. ಇದಕ್ಕೆ ನಮ್ಮಲ್ಲಿ ಹಿಬಾವನ್ನು ಬಳಸುವುದುಂಟು. ಮುಸ್ಲಿಮರಲ್ಲಿ ದಾನ ಬಾಯಿಮಾತಿನಿಂದಲೂ ಸಿಂಧುವಾಗುತ್ತದೆ. ಕೊಡುವೆನೆಂಬ ಘೋಷಣೆ, ಸ್ವೀಕಾರ, ಸ್ವಾಧೀನವನ್ನು ಒಪ್ಪಿಸುವುದು, ಈ ಮೂರು ಸಾಕು, ನೋಂದಣಿ ಕಡ್ಡಾಯವಲ್ಲ. ಶರೀಅತ್ತು ಬಡವರಿಗೂ ಅನಕ್ಷರಸ್ಥರಿಗೂ ಕೊಟ್ಟ ಈ ಸೌಲಭ್ಯವನ್ನು, ಅಬ್ಬಾ ತೀರಿಕೊಳ್ಳುವ ಮೊದಲು ನನಗೊಬ್ಬನಿಗೇ ಕೊಟ್ಟಿದ್ದರು ಎಂಬ ಕಥೆ ಹೆಣೆಯಲು ಬಳಸಿದರೆ ಮೃತ ತಂದೆಯ ಮೇಲೂ ಸುಳ್ಳು ಹೊರಿಸಿದಂತಾಯಿತು. ಇಂಥದ್ದನ್ನು ಕೋರ್ಟು ಕಡತದಿಂದ ಕಿತ್ತುಹಾಕಿದರೆ ಅದು ನ್ಯಾಯವೇ.

ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ಹ. ಸಈದ್ ಬಿನ್ ಝೈದ್(ರ) ಅವರೂ ಭೂಮಿಯ ವ್ಯಾಜ್ಯದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಅರ್ವಾ ಎಂಬ ಮಹಿಳೆ, ಸಈದರು ತನ್ನ ನೆಲವನ್ನು ಒತ್ತುವರಿ ಮಾಡಿದ್ದಾರೆಂದು ಮದೀನದ ಗವರ್ನರ್ ಮರ್ವಾನರ ಬಳಿ ದೂರಿತ್ತಳು. ಗೇಣಿನಷ್ಟು ನೆಲವನ್ನು ಅನ್ಯಾಯದಿಂದ ಪಡೆದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳ ಉರುಳು ಬೀಳುತ್ತದೆಂದು ಪ್ರವಾದಿಯವರಿಂದ(ಸ) ಸ್ವತಃ ಕೇಳಿದ ಮೇಲೆ ತಾನು ಹಾಗೆ ಮಾಡುವುದುಂಟೇ ಎಂದರು ಸಈದ್(ರ). ಇದಾದ ಮೇಲೆ ನಿಮ್ಮಿಂದ ಪುರಾವೆ ಕೇಳುವುದಿಲ್ಲ ಎಂದರು ಮರ್ವಾನ್. ತೀರ್ಪು ಅವರ ಪರವಾಗಿಯೇ ಇತ್ತು. ಆದರೂ ಅವರು ಆ ನೆಲವನ್ನು ಅವಳಿಗೇ ಬಿಟ್ಟುಕೊಟ್ಟು, ಅವಳು ಸುಳ್ಳಾಡಿದ್ದರೆ ನೀನೇ ನೋಡಿಕೋ ಎಂದು ಅಲ್ಲಾಹನಲ್ಲಿ ಮೊರೆಯಿಟ್ಟರು. ಅವಳು ಮುಂದೆ ದೃಷ್ಟಿ ಕಳಕೊಂಡು, ಅದೇ ನೆಲದಲ್ಲಿ ನಡೆಯುತ್ತಿದ್ದಾಗ ಗುಂಡಿಗೆ ಬಿದ್ದು ಸತ್ತಳೆಂದು ಮುಸ್ಲಿಮ್ ಸಂಗ್ರಹದಲ್ಲಿದೆ. ಅಕೀಕ್ ಕಣಿವೆಯಲ್ಲಿ ನೆರೆ ಬಂದು ಹಳೆಯ ಗಡಿಯ ಗುರುತು ತೆರೆದುಕೊಂಡು, ಸಈದರೇ(ರ) ಸತ್ಯವಂತರೆಂದು ಜನರಿಗೆ ಗೊತ್ತಾಯಿತೆಂದು ಬೇರೆ ಕೆಲವು ವರದಿಗಳಲ್ಲಿ ಬಂದಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಕ್ಕೇ ನುಗ್ಗಿದ್ದನ್ನು ಆ ಕಡೆಯವರು ಮರೆತಿಲ್ಲ. ನೆರೆ ಬದುಗಳನ್ನು ಅಳಿಸುವುದೂ ಉಂಟು, ಹೂತುಹೋದ ಬಾಂದುಕಲ್ಲನ್ನು ಹೊರತೆಗೆಯುವುದೂ ಉಂಟು. ನೆರೆ ಇಳಿದ ಮರುದಿನ ಬದುವನ್ನು ಎರಡು ಗೇಣು ಆಚೆ ಹಾಕಿದವನು ಈ ಹದೀಸನ್ನು ಎಂದೂ ಕೇಳಿಲ್ಲವೇ?

ಅಫಿಡವಿಟ್ಟಿನ ಬಗ್ಗೆ ಒಂದೇ ಮಾತು. ನೋಟರಿಯ ಮೇಜಿನ ಮೇಲೆ ಓದದೆ ಸಹಿ ಹಾಕುವ ಆ ಕಾಗದ ಒಂದು ಪ್ರಮಾಣ. ಹ. ಅಶ್‌ಅಸ್ ಬಿನ್ ಕೈಸ್(ರ) ಅವರಿಗೂ ಇನ್ನೊಬ್ಬರಿಗೂ ಆಸ್ತಿಯ ತಂಟೆ ಬಂದಾಗ, ಎದುರಾಳಿ ಸುಳ್ಳು ಪ್ರಮಾಣ ಮಾಡಿಬಿಡುತ್ತಾನೆಂದು ಅವರು ಹೆದರಿದ ಸಂದರ್ಭದಲ್ಲೇ ಆಲು ಇಮ್ರಾನ್ ಅಧ್ಯಾಯದ 77ನೆಯ ಸೂಕ್ತ ಅವತೀರ್ಣವಾಯಿತು. ಅಲ್ಪ ಬೆಲೆಗೆ ಪ್ರಮಾಣವನ್ನು ಮಾರಿಕೊಳ್ಳುವವರಿಗೆ ಪರಲೋಕದಲ್ಲಿ ಪಾಲಿಲ್ಲವೆಂಬ ಎಚ್ಚರಿಕೆ ಅಲ್ಲಿದೆ. ವಕೀಲರು ಬರೆದದ್ದು, ನಾನು ಸಹಿ ಮಾತ್ರ ಹಾಕಿದೆ ಎಂಬ ಸಬೂಬು ಅಲ್ಲಿ ನಡೆಯುವುದೇ?

ಕಾಲ ಮೀರಿದ ಹಕ್ಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಧಾರ್ಮಿಕರೆನಿಸಿಕೊಂಡವರೂ ಇಲ್ಲಿ ಎಡವುತ್ತಾರೆ. ಅವಧಿಯ ವಿಚಾರ ಇಸ್ಲಾಮೀ ನ್ಯಾಯಶಾಸ್ತ್ರಕ್ಕೆ ಹೊಸದಲ್ಲ. ಹ. ಉಮರ್(ರ) ಅವರು ಹ. ಅಬೂ ಮೂಸಾ ಅಲ್ ಅಶ್‌ಅರೀ(ರ) ಅವರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ, ಪುರಾವೆ ದೂರದಲ್ಲಿದೆ ಎನ್ನುವವನಿಗೆ ಒಂದು ಗಡುವು ಕೊಡಿರೆಂಬ ಸೂಚನೆಯಿದೆ. ಅದು ಅವನಿಗೆ ಅವಕಾಶವೂ ಹೌದು, ಮಿತಿಯೂ ಹೌದು. ಉಸ್ಮಾನೀ ಆಡಳಿತದಲ್ಲಿ ಹನಫೀ ಫಿಕ್ಹನ್ನು ಕಾನೂನಿನ ರೂಪಕ್ಕೆ ತಂದ ಮಜಲ್ಲಃ ಎಂಬ ಸಂಹಿತೆಯು ಸಾಮಾನ್ಯ ದಾವೆಗಳಿಗೆ 15 ವರ್ಷಗಳ ಅವಧಿಯನ್ನು ಇಟ್ಟಿತ್ತು. ಆದರೆ ಅದೇ ಸಂಹಿತೆಯ 1674ನೆಯ ಕಲಮು, ಕಾಲ ಕಳೆದ ಮಾತ್ರಕ್ಕೆ ಹಕ್ಕು ನಾಶವಾಗುವುದಿಲ್ಲ ಎಂದಿತು. ಅವಧಿ ಮುಗಿದಿದ್ದರೂ ಪ್ರತಿವಾದಿ ನ್ಯಾಯಾಲಯದಲ್ಲಿ ನಿಂತು, ಹೌದು, ಇದು ಅವರದೇ ಎಂದು ಒಪ್ಪಿಬಿಟ್ಟರೆ ಅವಧಿಯ ಅಡ್ಡಿ ಅಲ್ಲಿಗೆ ಬಿತ್ತು. ನಮ್ಮ ದೇಶದ 1963ರ ಅವಧಿ ಕಾಯ್ದೆ ಭೂಮಿಯ ವಿಷಯದಲ್ಲಿ ಇನ್ನೂ ಬಿಗಿ. ಸ್ವಾಧೀನದ ದಾವೆಗೆ 12 ವರ್ಷ, ಅದು ಕಳೆದರೆ 27ನೆಯ ಕಲಮಿನಂತೆ ಹಕ್ಕೇ ಅಳಿಯುತ್ತದೆ. ಸಹವಾರಸುದಾರರಲ್ಲಿ ಒಬ್ಬನ ಸ್ವಾಧೀನ ಎಲ್ಲರ ಸ್ವಾಧೀನವೆಂದು ನ್ಯಾಯಾಲಯಗಳು ಎಣಿಸುವುದರಿಂದ ಅಣ್ಣ ಸುಮ್ಮನೆ ಉಳುಮೆ ಮಾಡಿದ ಮಾತ್ರಕ್ಕೆ ಈ 12 ವರ್ಷ ಆರಂಭವಾಗುವುದಿಲ್ಲ, ನಿನಗೆ ಪಾಲಿಲ್ಲ ಎಂದು ಬಹಿರಂಗವಾಗಿ ಹೊರಗಿಟ್ಟ ಮೇಲಷ್ಟೇ ಆರಂಭವಾಗುತ್ತದೆ. ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಗಂಡುಮಕ್ಕಳು ತಿಳಿದಿರಬೇಕಾದದ್ದು ಬೇರೆ: ಅಲ್ಲಾಹನ ಬಳಿ ಆ 12 ವರ್ಷ ಎಂದೂ ಮುಗಿಯುವುದಿಲ್ಲ.

ಬೇರೆ ಸಬೂಬುಗಳು ಎಲ್ಲರಿಗೂ ಗೊತ್ತಿರುವಂಥವೇ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ. ಚಿನ್ನ ಕೊಟ್ಟವರು ಆಗ ಬದುಕಿದ್ದ ತಂದೆ, ಅದು ವಾರಸು ಪಾಲಲ್ಲ. ಅಬ್ಬಾ ಇದ್ದಾಗಲೇ ಹಕ್ಕು ಬಿಟ್ಟೆನೆಂದು ಸಹಿ ಹಾಕಿದ್ದಾಳೆ. ತಂದೆ ಜೀವಂತವಿದ್ದಾಗ ಅವಳಿಗೆ ಹಕ್ಕೇ ಹುಟ್ಟಿರಲಿಲ್ಲ, ಇಲ್ಲದ್ದನ್ನು ಬಿಟ್ಟದ್ದು ಹೇಗೆ? ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಈ ಕೊನೆಯದು ಸಬೂಬಲ್ಲ, ಬೆದರಿಕೆ. ಹೆಚ್ಚು ಹೆಣ್ಣುಮಕ್ಕಳು ಸುಮ್ಮನಾಗುವುದು ಇದಕ್ಕೇ, ಮತ್ತು ನಾವು ಅದನ್ನು ಅವರ ಒಪ್ಪಿಗೆ ಎಂದು ಕರೆಯುತ್ತೇವೆ.

ಕಾನೂನು ಓದಿದವರ ಬಾಯಲ್ಲಿ ಇನ್ನೊಂದು ಕೇಳಿಬರುತ್ತದೆ. 1937ರ ಮುಸ್ಲಿಮ್ ವೈಯಕ್ತಿಕ ಕಾನೂನು ಅನ್ವಯ ಕಾಯ್ದೆಯ 2ನೆಯ ಕಲಮು ವ್ಯವಸಾಯದ ಭೂಮಿಯನ್ನು ಹೊರಗಿಟ್ಟಿದೆ ಎಂಬುದು. ಕಲಮಿನಲ್ಲಿ ಆ ಮಾತು ಇರುವುದು ನಿಜ. ಆದರೆ ಅದನ್ನು ಹಿಡಿದುಕೊಂಡು ಶರೀಅತ್ತು ನನ್ನ ಹೊಲಕ್ಕೆ ಅನ್ವಯಿಸದು ಎನ್ನುವ ವಿಶ್ವಾಸಿ, ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವನ್ನು ಎಲ್ಲಿಡುತ್ತಾನೆ? ಹೆತ್ತವರು ಬಿಟ್ಟುಹೋದದ್ದು ಅಲ್ಪವಿರಲಿ, ಬಹಳವಿರಲಿ, ಗಂಡಸರಿಗೂ ಹೆಂಗಸರಿಗೂ ಪಾಲು ಕಡ್ಡಾಯವೆಂಬ ಅರ್ಥದ ಆ ಸೂಕ್ತದಲ್ಲಿ ಕಬ್ಬಿನ ಹೊಲಕ್ಕೆ ವಿನಾಯಿತಿ ಕಾಣುವುದಿಲ್ಲ. ಮಸೀದಿಯಲ್ಲಿ ಶರೀಅತ್ತಿನ ರಕ್ಷಣೆಗಾಗಿ ಭಾಷಣ ಮಾಡಿ, ಕೋರ್ಟಿನಲ್ಲಿ ಶರೀಅತ್ತಿನಿಂದ ರಕ್ಷಣೆ ಕೇಳುವುದು ವಿಚಿತ್ರವಲ್ಲವೇ?

ಹಾಗಾದರೆ ಕೋರ್ಟಿಗೆ ಹೋಗಬಾರದೇ? ಹೋಗಬಹುದು, ಕೆಲವೊಮ್ಮೆ ಹೋಗಲೇಬೇಕು. ವಂಚಿತರಾದವರು ತಮ್ಮ ಹಕ್ಕನ್ನು ಕೇಳುವುದು ದೋಷವಲ್ಲ. ಜಮಾಅತ್ತಿನ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಬಳಿ ಬಂದ ಹೆಣ್ಣುಮಗಳಿಗೆ ಸಬರ್ ಮಾಡಮ್ಮಾ ಎಂದು ಹೇಳಿ ಕಳಿಸುವುದನ್ನು ಸಂಧಾನ ಎನ್ನಬೇಡಿ. ವ್ಯಾಜ್ಯದವರನ್ನು ಪರಸ್ಪರ ರಾಜಿಯಾಗಲು ಮರಳಿ ಕಳಿಸಿರಿ, ತೀರ್ಪು ಮನಸ್ಸುಗಳಲ್ಲಿ ಹಗೆಯನ್ನು ಉಳಿಸುತ್ತದೆ ಎಂಬರ್ಥದಲ್ಲಿ ಹ. ಉಮರ್(ರ) ಸೂಚಿಸಿದ್ದುಂಟು. ಆದರೆ ಮೇಲೆ ಹೇಳಿದ ಅದೇ ಪತ್ರದಲ್ಲಿ, ಹರಾಮನ್ನು ಹಲಾಲ್ ಮಾಡುವ ರಾಜಿ ರಾಜಿಯಲ್ಲ ಎಂಬ ಷರತ್ತನ್ನೂ ಅವರು ಇಟ್ಟಿದ್ದಾರೆ. ಪಾಲು ಎಷ್ಟೆಂದು ಮೊದಲು ಲೆಕ್ಕ ಹಾಕಿ ಅವಳಿಗೆ ತಿಳಿಸಿ. ತನ್ನ ಪಾಲು ಒಂದು ಎಕರೆ ಮೂವತ್ತು ಗುಂಟೆ ಎಂದು ತಿಳಿದ ಮೇಲೆ ಅವಳು ಇಪ್ಪತ್ತು ಗುಂಟೆಯನ್ನು ತಮ್ಮನಿಗೋ ಅಣ್ಣನಿಗೋ ಪ್ರೀತಿಯಿಂದ ಬಿಟ್ಟರೆ ಅದು ಅವಳ ದಾನ. ತಿಳಿಸದೆ ಬಿಡಿಸಿಕೊಂಡರೆ ಅದು ವಂಚನೆ.

ಈಗ ನಡೆಯುತ್ತಿರುವ ಮೊಕದ್ದಮೆಗಳನ್ನು ಮುಗಿಸುವ ದಾರಿಯೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಅದೇ ಕಾಯ್ದೆಯಡಿ ನಡೆಯುವ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಮರಳುತ್ತದೆ, ಆ ತೀರ್ಮಾನದ ಮೇಲೆ ಅಪೀಲೂ ಇಲ್ಲ. ಪ್ರತಿದಾವೆಯನ್ನು ತೆಗೆದುಹಾಕಿ ಎಂಬ ಅರ್ಜಿಗೆ ನೀವು ಸಹಿ ಹಾಕಿದ್ದರೆ ಅದನ್ನು ಹಿಂಪಡೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಮುಂದಿನ ತಾರೀಖಿನಂದು ವಕೀಲರಿಗೆ ಹೇಳಿದರೆ ಸಾಕು.

ವ್ಯಾಜ್ಯ ಇನ್ನೂ ಹುಟ್ಟದ ಮನೆಗಳಲ್ಲಿ ಕೆಲಸ ಇನ್ನೂ ಸುಲಭ. ಈ ತಿಂಗಳು ನಿಮ್ಮ ಹೊಲದ ಉತಾರವನ್ನು ತೆಗೆಸಿ. ಮಾಲೀಕರ ಹೆಸರು 9ನೆಯ ಕಾಲಮಿನಲ್ಲಿರುತ್ತದೆ. ಅಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ತಾಯಿಯ ಹೆಸರು ಇರದಿದ್ದರೆ ಮೊದಲು ಅವರದ್ದು, ಬಳಿಕ ಅಕ್ಕ-ತಂಗಿಯರದ್ದು ಬರೆದು ತಲಾಠಿಯ ಕಚೇರಿಗೆ ವಾರಸಾ ವರದಿ ಕೊಡಿ. ಮದುವೆಯಾಗಿ ಬೇರೆ ಊರಿಗೆ ಹೋದವರಿಗೆ ಅದರದ್ದೊಂದು ನಕಲನ್ನು ನೀವೇ ಒಯ್ದು ಮುಟ್ಟಿಸಿ.